ಗುಳ್ಳೆ ಕಾಯುವ ಆಂಜನಮ್ಮ

ಕಾಲಲ್ಲಿ ಹವಾಯಿ ಚಪ್ಪಲಿ, ಮೈಮೇಲೆ ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ. ಶಿವಾಜಿನಗರದಲ್ಲಿ ಹೊಸದಾಗಿ ಗಲ್ಲಾಪೆಟ್ಟಿಗೆಗೆ ಕೂತವನಾಗಿದ್ದರೆ ಇಷ್ಟನ್ನೇ ನೋಡಿ ಚಹಾ ಕೂಡ ತರಿಸುತ್ತಿರಲಿಲ್ಲ. ಅಸ್ಗರ್ ಹಳಬ. ಅವನ ಕಣ್ಣು ಆಂಜನಮ್ಮ ಕೈಯಲ್ಲಿ ಹಿಡಿದಿದ್ದ ಬೀಗದ ಕೈಗಳ ಗೊಂಚಲಿನ ಮೇಲೆ ನಿಂತಿತು. ಅಷ್ಟು ಕೀಲಿ ಅಂದರೆ ಅಷ್ಟು ಬಾಗಿಲು, ಅಷ್ಟು ಬಾಗಿಲು ಅಂದರೆ ಅಷ್ಟು ಬಾಡಿಗೆ. ಹೊಸ ತಿಪ್ಪಸಂದ್ರದ ಹಳೇ ಮನೆತನ. ರಾಗಿ ಬೆಳೆದ ನೆಲದಲ್ಲಿ ಈಗ ಮೂರಂತಸ್ತು. ಹಿಂದೆ ಬಂದ ಗಂಡ ರಾಮಾಂಜಿನಪ್ಪ ಬಾಯಿ ತೆರೆಯುವ ಮೊದಲು ಹೆಂಡತಿಯ ಮುಖ ನೋಡಿದರು. ಚೌಕಾಸಿ ಜೋರು, ಖರೀದಿ ಗ್ಯಾರಂಟಿ ಎಂದು ಅಸ್ಗರ್ ಮನಸ್ಸಿನಲ್ಲೇ ಬೆಲೆ ಕಟ್ಟಿದ. ಆಸ್ತಿಯ ಲೆಕ್ಕ ಸರಿಯಿತ್ತು, ಉಳಿದ ಎರಡೂ ತಪ್ಪಿದವು.

ಅಪ್ಪನ ಕಾಲದಲ್ಲಿ ಆ ಅಂಗಡಿಯಲ್ಲಿ ಸೈಕಲ್ ಟ್ಯೂಬು ಮಾರುತ್ತಿದ್ದರು. ಅಸ್ಗರ್ ಈಜಿನ ಕನ್ನಡಕಕ್ಕೆ ತಿರುಗಿ, ಅಲ್ಲಿಂದ ಸ್ಕೂಬಾಕ್ಕೆ, ಅಂದರೆ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಕಡಲಡಿ ಮೀನು ನೋಡುವವರ ಸಾಮಾನಿಗೆ ಬಂದಿದ್ದ. ಕಡಲೇ ಇಲ್ಲದ ಊರಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಎಂದು ನಕ್ಕವರು ಈಗ ನಗುವುದಿಲ್ಲ. ರಾಮಾಂಜಿನಪ್ಪನವರಿಗೂ ರಿಟೈರಾದ ಮೇಲೆ ಮೂಡಿದ ಶೋಕಿ ಇದು. ವರ್ಷಕ್ಕೆ ಎರಡು ಸಲ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಮುಳುಗುತ್ತಿದ್ದರು. ಆದರೆ ಅವರಿಗೊಂದು ನೋವಿತ್ತು. ಅದನ್ನವರು ದನಿ ತಗ್ಗಿಸಿ ಹೇಳಿದರು.

"ಭಾಯ್, ಎಲ್ರಿಗಿಂತ ಮೊದ್ಲು ಗಾಳಿ ಖಾಲಿ ಆಗೋದು ನಂದೇ. ಹುಡುಗ್ರೆಲ್ಲ ಕೆಳಗೆ ಆಮೆ ನೋಡ್ತಿರ್ತಾರೆ, ನಾನು ಮೇಲೆ ಬಂದು ಟವಲ್ ಸುತ್ಕೊಂಡು ಬಿಸ್ಕೆಟ್ ತಿಂತಿರ್ತೀನಿ. ಮಾನ ಹೋಗುತ್ತೆ."

ಅಸ್ಗರ್ ಶೋಕೇಸಿನಿಂದ ರೀಬ್ರೀದರ್ ಇಳಿಸಿದ. ಒಂದು ಸಣ್ಣ ಕಾರಿನ ಬೆಲೆಯ ಯಂತ್ರ. ಬಿಟ್ಟ ಉಸಿರು ನೀರಿಗೆ ಹೋಗುವುದಿಲ್ಲ. ಕೊಳವೆಯಲ್ಲಿ ಸುತ್ತಿ ಒಂದು ಡಬ್ಬಿಗೆ ಬರುತ್ತದೆ. ಡಬ್ಬಿಯಲ್ಲಿರುವ ಸುಣ್ಣದ ಹರಳು ಕೆಟ್ಟ ಗಾಳಿಯನ್ನು ಹೀರಿಕೊಳ್ಳುತ್ತದೆ, ಯಂತ್ರ ಚೂರು ಆಮ್ಲಜನಕ ಸೇರಿಸುತ್ತದೆ, ಅದೇ ಉಸಿರು ಮತ್ತೆ ಬಾಯಿಗೆ.

"ಬಿಟ್ಟಿದ್ದನ್ನೇ ಮತ್ತೆ ಎಳ್ಕೊಳ್ಳೋದಾ?" ಆಂಜನಮ್ಮ ಮುಖ ಕಿವುಚಿದರು.

"ಸೋಸಿ ಕೊಡುತ್ತೆ ಅಮ್ಮ. ಗಂಟೆಗಟ್ಲೆ ಇರಬಹುದು. ಸದ್ದಿಲ್ಲ, ಮೀನು ಹೆದರಲ್ಲ." ಅಸ್ಗರ್ ತನ್ನ ಅತ್ಯುತ್ತಮ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದ. "ನೀರ ಮೇಲೆ ಒಂದೇ ಒಂದು ಗುಳ್ಳೆ ಬರಲ್ಲ!"

ಆಂಜನಮ್ಮ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟರು. "ಬರಲ್ವಾ?"

ಆಮೇಲೆ ಶುರುವಾದದ್ದು ಚೌಕಾಸಿಯಲ್ಲ, ವಿಚಾರಣೆ.

"ಇದು ಕೆಟ್ರೆ ಇವ್ರಿಗೆ ಗೊತ್ತಾಗುತ್ತಾ?"

ಅಸ್ಗರ್ ಲಾಭ ನೋಡುವವನೇ, ಆದರೆ ಉಸಿರಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. "ಮಾಮೂಲಿ ಸಿಲಿಂಡರಲ್ಲಿ ಗಾಳಿ ಮುಗೀತಾ ಬಂದ್ರೆ ಎಳೆಯೋಕೆ ಬಿಗಿ ಆಗುತ್ತೆ, ತಿಳಿಯುತ್ತೆ. ಇದರಲ್ಲಿ ಆಮ್ಲಜನಕ ಇಳಿದ್ರೂ ಉಸಿರು ಸಲೀಸಾಗೇ ಬರುತ್ತೆ. ಮೀಟರ್ ನೋಡ್ತಾನೇ ಇರಬೇಕು."

"ಇವ್ರಾ? ಒಲೆ ಮೇಲೆ ಹಾಲಿಟ್ಟು ಟಿವಿ ನೋಡೋ ಮನುಷ್ಯ."

"ಲೇ, ಅಂಗಡೀಲಿ ಸುಮ್ನಿರೇ," ಎಂದರು ರಾಮಾಂಜಿನಪ್ಪ.

"ಇದುವರ್ಗೂ ಎಷ್ಟು ಮಾರಿದ್ದೀರಾ ಭಾಯ್?" ಆಂಜನಮ್ಮ ಅಸ್ಗರನ ಕಡೆಗೇ ತಿರುಗಿದರು.

"ಒಂದು. ಮಾರತ್ತಹಳ್ಳಿ ಸಾಹೇಬ್ರಿಗೆ."

"ಅವ್ರು ಈಗ ಎಲ್ಲಿ ಮುಳುಗ್ತಾರೆ?"

ಆ ಯಂತ್ರ ಮಾರತ್ತಹಳ್ಳಿಯ ಫ್ಲಾಟಿನ ಅಟ್ಟದಲ್ಲಿ ಮುಳುಗಿತ್ತು. ಪ್ರತಿ ಸಲ ಹೊಸ ಸುಣ್ಣ ತುಂಬಬೇಕು, ಬಿಚ್ಚಿ ತೊಳೆದು ಒಣಗಿಸಬೇಕು, ಆಮ್ಲಜನಕ ಅಳೆಯುವ ಬಿಲ್ಲೆ ಹಳತಾದರೆ ಎಸೆದು ಹೊಸದು ಹಾಕಬೇಕು, ಬೇರೆಯೇ ತರಬೇತಿ ಬೇಕು, ಕಲಿತದ್ದು ಮರೆಯದಂತೆ ಮೇಲಿಂದ ಮೇಲೆ ಇಳಿಯುತ್ತಿರಬೇಕು. ವಾರವಾರ ಕಡಲಿಗಿಳಿದು ಆಳದಲ್ಲಿ ಫೋಟೊ ತೆಗೆಯುವವನಿಗೆ ಇವೆಲ್ಲ ಕೆಲಸದ ಭಾಗ. ರಜೆಯಲ್ಲಿ ಇಳಿಯುವವನಿಗೆ ಮನೆಗೆ ತಂದುಕೊಂಡ ಅಳಿಯ. ಅಸ್ಗರ್ ಅಷ್ಟನ್ನೂ ಹೇಳಲಿಲ್ಲ. "ಅಟ್ಟದ ಮೇಲಿದೆ ಅಮ್ಮ" ಎಂದ. ಆಂಜನಮ್ಮ ನಗಲಿಲ್ಲ. ನಕ್ಕಿದ್ದರೆ ಅಸ್ಗರನಿಗೆ ಹಗುರಾಗುತ್ತಿತ್ತು.

ಆದರೂ ಗಂಡನ ಕಣ್ಣಲ್ಲಿದ್ದ ಆಸೆಯನ್ನು ಆಕೆ ತುಳಿಯಲಿಲ್ಲ. "ಇಳಿದೇ ನೋಡ್ಲಿ" ಎಂದರು. ಇಂದಿರಾನಗರದ ಕಡೆಯ ಒಂದು ಈಜುಕೊಳದಲ್ಲಿ, ಅವರಿಗೆ ಸ್ಕೂಬಾ ಕಲಿಸಿದ್ದ ದಿವ್ಯ ಜೊತೆಗಿಳಿದಳು. ಅಸ್ಗರ್ ಮತ್ತು ಆಂಜನಮ್ಮ ದಡದಲ್ಲಿ ಕೂತರು. ದಿವ್ಯಳ ಮಾಮೂಲಿ ಸಿಲಿಂಡರಿನ ಗುಳ್ಳೆ ಬಳಬಳನೆ ಎದ್ದವು. ಪಕ್ಕದಲ್ಲಿ ರಾಮಾಂಜಿನಪ್ಪನವರ ಮೇಲಿನ ನೀರು ಗಾಜಿನಂತೆ ನಿಂತಿತ್ತು.

"ಆ ಹುಡುಗಿ ಉಸಿರಾಡ್ತಿದಾಳೆ. ಇವ್ರು?"

"ಇವ್ರೂ ಆಡ್ತಿದಾರೆ ಅಮ್ಮ."

"ನಿಮಗೆ ಹೆಂಗೆ ಗೊತ್ತು?"

ಅಸ್ಗರ್ ಮತ್ತೊಮ್ಮೆ ನೀರಿನ ಕಡೆ ಬಗ್ಗಿ ನೋಡಿದ. ಆಗ ಆಕೆ ಹೇಳಿದರು. ಈಜು ಬಾರದ ಆಂಜನಮ್ಮ ಪ್ರತಿ ಸಲವೂ ದೋಣಿಯಲ್ಲಿ ಕೂತು ಗಂಡನ ಗುಳ್ಳೆಗಳನ್ನೇ ನೋಡುತ್ತಾರೆ. ಕಳೆದ ಸಲ ಸೆಳೆತಕ್ಕೆ ಆ ಗುಳ್ಳೆಗಳು ದೋಣಿಯಿಂದ ದೂರ ಸರಿದಾಗ ದೋಣಿಯವರು ಊಟಕ್ಕೆ ಕೂತಿದ್ದರು. ಎಬ್ಬಿಸಿ, ಕೈ ತೋರಿಸಿ, ಲಂಗರು ಎತ್ತಿಸಿದ್ದು ಆಕೆ. ರಾಮಾಂಜಿನಪ್ಪ ಸುಸ್ತಾಗಿ ತಲೆ ಎತ್ತಿದಾಗ ದೋಣಿ ಎದುರಿಗೇ ಇತ್ತು. ಆ ಮನುಷ್ಯ ಅದನ್ನು ತನ್ನ ಅದೃಷ್ಟ ಅಂದುಕೊಂಡಿದ್ದರು.

ಅಷ್ಟರಲ್ಲಿ ರಾಮಾಂಜಿನಪ್ಪ ಮೇಲೆದ್ದರು, ಮಗುವಿನ ಮುಖ ಹೊತ್ತು. "ನನ್ ಉಸಿರೇ ನಂಗೆ ಕೇಳಿಸ್ಲಿಲ್ಲ ಕಣೇ!"

"ಸಂತೋಷ. ಈಗ ಹಳೇ ಸಿಲಿಂಡರ್ ಹಾಕ್ಕೊಂಡು ಇನ್ನೊಂದ್ಸಲ ಇಳೀರಿ."

ಇಳಿದರು. ನೀರು ಅನ್ನದ ಎಸರಿನಂತೆ ಕುದಿಯತೊಡಗಿತು. ಆಂಜನಮ್ಮ ಅವರನ್ನು ಮೇಲಕ್ಕೆ ಕರೆಸಿದರು. "ಯಾಕ್ರೀ ಹಂಗೆ ಕೈ ಬಡೀತೀರಾ, ಬಸ್ಸು ಹೊರಟೋಯ್ತಾ? ಗಾಳಿ ಎಲ್ಲಿ ಉಳಿಯುತ್ತೆ? ನಾನು ಏಣಿ ಬಡೀತೀನಿ. ಒಂದ್ ಸದ್ದಿಗೆ ಎಳ್ಕೊಳ್ಳಿ, ಇನ್ನೊಂದಕ್ಕೆ ಬಿಡಿ. ಕೈ ಕಟ್ಕೊಂಡಿರಿ."

"ಉಸಿರು ಹಿಡಿಯೋದು ಮಾತ್ರ ಬೇಡ ಸಾರ್, ನಿಧಾನಕ್ಕೆ ಬಿಡ್ತಾ ಇರಿ," ಎಂದಳು ದಿವ್ಯ. "ಅಮ್ಮ, ಮೊದಲ ದಿನದಿಂದ ನಾನೂ ಇದನ್ನೇ ಬಡ್ಕೋತಿದೀನಿ."

"ನಿನ್ ಮಾತು ಎಲ್ಲಿ ಕೇಳ್ತಾರೆ, ನೀನು ಬೈಯಲ್ವಲ್ಲ."

ಕೊಳದ ಸ್ಟೀಲ್ ಏಣಿಯ ಮೇಲೆ ಬೀಗದ ಕೈ ಗೊಂಚಲು ಬಿತ್ತು. ಟಣ್. ಬಿಡುವು. ಟಣ್. ನೀರೊಳಗೆ ಸದ್ದು ಚೆನ್ನಾಗಿ ಹೋಗುತ್ತದೆ. ಕುದಿ ಇಳಿಯಿತು, ಗುಳ್ಳೆಗಳು ಗುಂಪುಗುಂಪಾಗಿ, ನಡುವೆ ಅಂತರ ಬಿಟ್ಟು, ಊಟಕ್ಕೆ ಪಂಕ್ತಿಗೆ ಬರುವವರಂತೆ ಬಂದವು. ನಾಲ್ಕಾರು ಭಾನುವಾರ ಇದೇ ಏಣಿ, ಇದೇ ಗೊಂಚಲು. ಕೊನೆಗೆ ಆಂಜನಮ್ಮ ಅಸ್ಗರನಿಗೊಂದು ಷರತ್ತು ಹಾಕಿದರು. "ನೇತ್ರಾಣಿಯಲ್ಲಿ ಈ ಸಲವೂ ಇವ್ರೇ ಮೊದ್ಲು ಎದ್ದು ಬಂದ್ರೆ, ನಿಮ್ ಯಂತ್ರಕ್ಕೆ ನಾನೇ ಚೆಕ್ ಬರೀತೀನಿ."

ಆ ಪ್ರವಾಸಕ್ಕೆ ಅಸ್ಗರ್ ತಾನೂ ಮುಳುಗಲೆಂದೇ ಹೋದ. ಆದರೆ ಮೂಗು ಕಟ್ಟಿ ನೆಗಡಿ; ನೆಗಡಿಯಲ್ಲಿ ಇಳಿದರೆ ಕಿವಿ ಹೋಗುತ್ತದೆ. ಹಾಗಾಗಿ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಉಳಿದವರು ಕೆಳಗಿರುವಾಗ ಅವನು ದೋಣಿಯಲ್ಲೇ ಕೂತ, ಆಂಜನಮ್ಮನ ಪಕ್ಕ.

"ಅಗೋ, ಬಲಗಡೆ ಗುಂಪಾಗಿ ಬರ್ತಾವಲ್ಲ, ಅವು ಇವ್ರದು," ಎಂದರು. ತೊಡೆಯ ಮೇಲೆ ಆಕೆಯ ಬೆರಳು ಟಣ್, ಬಿಡುವು, ಟಣ್ ಎಂದು ಆಡುತ್ತಿತ್ತು.

ಮೊದಲಿಗೆ ಅಸ್ಗರ್ ವ್ಯಾಪಾರಿಯಾಗಿಯೇ ನೋಡುತ್ತಿದ್ದ: ಏಳು ಮಹಾರಾಯ, ಎದ್ದು ಬಾ. ನೋಡುತ್ತ ನೋಡುತ್ತ ಯಾವಾಗ ಪಕ್ಷ ಬದಲಾಯಿತೋ ಅವನಿಗೇ ತಿಳಿಯಲಿಲ್ಲ. ಒಂದು ಗುಂಪು ಗುಳ್ಳೆ ಬರಲು ತಡವಾದಾಗ ತನ್ನ ಉಸಿರನ್ನೇ ಹಿಡಿದಿದ್ದ. ಬಂದಾಗ ಇಬ್ಬರೂ ಒಟ್ಟಿಗೆ ಬಿಟ್ಟರು. ಆಕೆ ಓರೆಗಣ್ಣಲ್ಲಿ ನೋಡಿ, "ಈಗ ಗೊತ್ತಾಯ್ತಾ ಭಾಯ್?" ಎಂದರು.

ಮೊದಲು ತಲೆ ಎತ್ತಿದವನು ಸಿ.ವಿ. ರಾಮನ್ ನಗರದ ಹುಡುಗ ವಸಂತ್, ಜಿಮ್ಮಿನ ತೋಳಿನವನು. ರಾಮಾಂಜಿನಪ್ಪ ಬಂದದ್ದು ದಿವ್ಯಳ ಜೊತೆ, ಎಲ್ಲರಿಗಿಂತ ಕೊನೆಗೆ. "ಆಮೆ ನೋಡ್ದೆ ಕಣೇ! ನನ್ ಗುಳ್ಳೆಗೆ ಹೆದರ್ಲೇ ಇಲ್ಲ!" ಆಂಜನಮ್ಮ ಟವಲ್ ಕೊಟ್ಟು, ಬಿಸ್ಕೆಟ್ ಪೊಟ್ಟಣವನ್ನು ವಸಂತ್ ಕಡೆ ತಳ್ಳಿದರು.

ರೀಬ್ರೀದರ್ ಇಂದಿಗೂ ಶೋಕೇಸಿನಲ್ಲಿದೆ. ಕೇಳಿ ಬಂದವರಿಗೆ ಅಸ್ಗರ್ ತೋರಿಸುತ್ತಾನೆ. ತೋರಿಸುವ ಮುನ್ನ, ವರ್ಷಕ್ಕೆ ಎಷ್ಟು ಸಲ ಇಳಿಯುತ್ತೀರಿ, ದೋಣಿಯಲ್ಲಿ ನಿಮಗಾಗಿ ಯಾರು ಕೂತಿರುತ್ತಾರೆ ಎಂದು ಕೇಳುತ್ತಾನೆ. ಆ ಎರಡನೆಯ ಪ್ರಶ್ನೆಯನ್ನು ಅವನಿಗೆ ಕೊಟ್ಟವರು ಆಂಜನಮ್ಮ. ಅದಕ್ಕೆ ಅವನು ಅವರಿಗೆ ಋಣಿ.