ಗೌರವ್ವ ಕೆಳಕೇರಿಗೆ ಹೋದದ್ದು

ಇವತ್ತು ಮೈಸೂರಿನ ನಮ್ಮ ಬೀದಿಗೆ ಬಂದ ಸೊಪ್ಪಿನವಳ ಬುಟ್ಟಿಯಲ್ಲಿ ಹೊನಗೊನೆ ಸೊಪ್ಪಿತ್ತು. ಬೇರಿನ ಕೆಸರಿನ ವಾಸನೆ ಮೂಗಿಗೆ ಬಡಿದದ್ದೇ, ನೋಡಿ, ನನ್ನ ಗಂಡನ ಊರಿನ ಕೆರೆಯ ನೆನಪಾಯಿತು.

ನಾನು ತಿ. ನರಸೀಪುರದವಳು. ಎರಡು ಹೊಳೆ ಕೂಡುವುದನ್ನು ನೋಡುತ್ತಾ ಬೆಳೆದವರಿಗೆ ಸ್ವಲ್ಪ ಜಂಬ ಇರುತ್ತದೆ. ಮದುವೆಯಾಗಿ ಚಿಕ್ಕಯ್ಯನಛತ್ರದ ಹತ್ತಿರದ ಹಳ್ಳಿಗೆ ಬಂದ ಹೊಸತರಲ್ಲಿ ಅತ್ತೆ ಗೌರವ್ವ ಕೆರೆ ತೋರಿಸಿದಾಗ, ‘ಇಷ್ಟೇನಾ?’ ಎಂದುಬಿಟ್ಟಿದ್ದೆ. ಅತ್ತೆ ಬೈಯಲಿಲ್ಲ. ‘ಬ್ಯಾಸ್ಗೆ ಬರ್ಲಿ, ಗೊತ್ತಾಯ್ತದೆ’ ಎಂದರು. ಗೊತ್ತಾಯಿತು. ಊರಿನ ಬಾವಿಗಳೆಲ್ಲ ಆ ಕೆರೆಯನ್ನು ನಂಬಿಕೊಂಡೇ ಇದ್ದವು.

ತೊಂಬತ್ತರ ದಶಕದ ಕೊನೆಗೆ, ಆ ನೀರನ್ನು ಪೈಪಿನಲ್ಲಿ ನಂಜನಗೂಡಿನ ಕಡೆಯ ಹೊಸ ಬಡಾವಣೆಯೊಂದಕ್ಕೆ ಒಯ್ಯುವ ಯೋಜನೆ ಬಂತು. ಗಂಡಸರು ಕಚೇರಿಗಳಿಗೆ ಅಲೆದರು, ಅರಳಿಕಟ್ಟೆಯಲ್ಲಿ ಕೂತು ವಾದ ಮಾಡಿದರು. ಅಷ್ಟರಲ್ಲಿ ಕೆರೆ ಏರಿಯ ಪಕ್ಕಕ್ಕೆ ಪೈಪುಗಳು ಬಂದು ಬಿದ್ದವು.

ಅವತ್ತು ಅತ್ತೆ ನನ್ನನ್ನು ಕರೆದುಕೊಂಡು ಕೆಳಕೇರಿಗೆ ಹೊರಟರು. ಆ ಕೇರಿಯವರು ಕೆರೆಯ ನಮ್ಮ ಕಡೆಯ ಮೆಟ್ಟಿಲಲ್ಲಿ ನೀರು ಮುಟ್ಟುವಂತಿರಲಿಲ್ಲ. ನಮ್ಮ ಮನೆಯ ಹೆಂಗಸರು ಆ ಕೇರಿಗೆ ಕಾಲಿಟ್ಟವರಲ್ಲ. ಅಲ್ಲಿನ ಹೆಂಗಸರೆಲ್ಲ ಮಾತು ಕೇಳುತ್ತಿದ್ದದ್ದು ಮಹದೇವಮ್ಮನದು. ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದವರು.

‘ಬಾ ಮಾದೇವಮ್ಮ, ಏರಿ ಮ್ಯಾಲೆ ಕೂತ್ಕಳವ. ನಮ್ ಬೀದಿಯೋರಿಂದ್ಲೇ ಆಗಾಕಿಲ್ಲ’ ಎಂದರು ಅತ್ತೆ.

ಮಹದೇವಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ. ‘ಮೆಟ್ಲು ಮುಟ್ಬ್ಯಾಡಿ ಅಂತಿದ್ರಿ. ಈಗ ಕೆರೆ ನಮ್ದೂ ಆಯ್ತಾ ಅಮ್ಮೋರೆ?’

ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಅತ್ತೆ ಮಾತ್ರ ನಿಂತೇ ಇದ್ದರು. ‘ಅವತ್ತಿಂದ್ಲೂ ನಿಮ್ದೂವೆ. ನಾವ್ ಒಪ್ಕಂಡಿರ್ನಿಲ್ಲ.’

‘ಒಪ್ಕಂಡಿದ್ದು ನಾಳೀಕೂ ಇರ್ತದಾ?’

‘ನಾಳೆ ಬಟ್ಟೆ ತಕಂಡು ನಮ್ ಮೆಟ್ಲಿಗೇ ಬಾ. ನಾನೂ ಅಲ್ಲೇ ಇರ್ತೀನಿ.’

ಮಾರನೆಯ ಬೆಳಿಗ್ಗೆ ಮಹದೇವಮ್ಮ ಬಂದರು, ಹಿಂದೆ ಇಡೀ ಕೇರಿಯ ಹೆಂಗಸರು. ನಮ್ಮ ಬೀದಿಯ ಕೆಲವರು ಕೊಡ ಎತ್ತಿಕೊಂಡು ಮನೆಗೆ ಹೊರಟುಹೋದರು. ಅತ್ತೆ ಹೋಗಲಿಲ್ಲ. ಬಟ್ಟೆ ಒಗೆದು, ಉಳಿದವರೆಲ್ಲ ಏರಿ ಹತ್ತಿ, ಅಗೆಯಲು ಗುರುತು ಮಾಡಿದ್ದ ಜಾಗದಲ್ಲೇ ಕೂತೆವು.

‘ಆ ಬಡಾವಣೆಯವ್ರೂ ನೀರು ಕುಡೀಬೇಕಲ್ವೇನಮ್ಮ?’ ಎಂದರು ಪೈಪು ಹಾಕಿಸಲು ಬಂದಿದ್ದ ಎಂಜಿನಿಯರು. ಪಾಪ, ಒಳ್ಳೆಯ ಮನುಷ್ಯ.

‘ಕುಡೀಲಿ ಸಾ’ ಎಂದರು ಮಹದೇವಮ್ಮ. ‘ಅವ್ರತ್ರ ಹೊಳೆ ಅದೆ. ನಮ್ಗೆ ಇದೊಂದೇ.’

ಮಧ್ಯಾಹ್ನ ಮಹದೇವಮ್ಮ ತಾವು ತಂದಿದ್ದ ಮುದ್ದೆಯಲ್ಲಿ ಅರ್ಧ ಮುರಿದು ಅತ್ತೆಯ ಮುಂದೆ ಹಿಡಿದರು. ಅತ್ತೆ ಅಂಗೈಯನ್ನು ಸೆರಗಿಗೆ ಒರೆಸಿ ಕೈಯೊಡ್ಡಿದರು. ನನ್ನ ಪಾಲಿಗೂ ಒಂದು ತುತ್ತು ಬಂತು. ಮುದ್ದೆಯ ಜೊತೆಗಿದ್ದ ಉಪ್ಸಾರು ಕಣ್ಣಲ್ಲಿ ನೀರು ಬರುವಷ್ಟು ಖಾರವಾಗಿತ್ತು. ನಮ್ಮಿಬ್ಬರನ್ನು ನೋಡಿ ಇಡೀ ಏರಿ ನಕ್ಕಿತು.

ಬೇಸಿಗೆ ಮುಗಿಯುವವರೆಗೂ ಸರದಿಯ ಮೇಲೆ ಕೂತೆವು. ಮನೆಗೆ ಹೋಗಿದ್ದವರೂ ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಅಲ್ಲ. ಕೊನೆಗೆ ಲಾರಿ ಬಂದು ಪೈಪುಗಳನ್ನು ತುಂಬಿಕೊಂಡು ಹೋಯಿತು. ಬಡಾವಣೆಗೆ ಕಪಿಲಾ ಹೊಳೆಯಿಂದ ನೀರು ಬಂತು. ಮೆಟ್ಟಿಲಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅತ್ತೆ ಈಗಿಲ್ಲ. ಈ ವಾರ ಮಹದೇವಮ್ಮನ ಮೊಮ್ಮಗಳ ಮದುವೆ. ಮಂಡಿನೋವಿನ ನೆಪ ಹೇಳಿ ತಪ್ಪಿಸಿಕೊಳ್ಳೋಣ ಎಂದುಕೊಂಡಿದ್ದವಳು ಈಗ ಬ್ಯಾಗಿಗೆ ಸೀರೆ ಮಡಿಸಿಡುತ್ತಿದ್ದೇನೆ. ಚಪ್ಪರ ಹಾಕಿರುವುದು ಊರಿನ ನಮ್ಮ ಮನೆಯ ಮುಂದೆ. ಅವರ ಕೇರಿಗಿಂತ ಅಲ್ಲಿ ಜಾಗ ಹೆಚ್ಚು, ಅದಕ್ಕೆ. ಬೇರೆ ಕಾರಣ ಹೇಳಬೇಕೆಂದು ಯಾರಿಗೂ ಅನ್ನಿಸಿಲ್ಲ.