ಲವರ್ನ್ ಕೊಂಡ ಐದು ಗುಂಡಿನ ಮೌನ

ಲವರ್ನ್ ಟೊಲೆಫ್ಸನ್ ಮೂವತ್ತೊಂದು ವರ್ಷಗಳಿಂದ ಹಸುಗಳ ಹಾಲಿನ ಮಾದರಿ ಸಂಗ್ರಹಿಸುತ್ತಿದ್ದಾಳೆ. ಬೆಳಗಿನ ಜಾವಕ್ಕೇ ತನ್ನ ಹಳೆಯ ಪಿಕಪ್ ಹತ್ತಿ ವಿಸ್ಕಾನ್ಸಿನ್‌ನ ನಮ್ಮ ಗುಡ್ಡಗಾಡಿನ ಕೊಟ್ಟಿಗೆಗಳಿಗೆ ಹೋಗುತ್ತಾಳೆ. ಒಂದೊಂದು ಹಸುವಿನ ಹಾಲನ್ನೂ ತೂಗಿ, ಒಂದೊಂದು ಪುಟ್ಟ ಸೀಸೆ ತುಂಬಿಸಿ, ಹತ್ತು ಗಂಟೆಗೆ ನಮ್ಮ ಪ್ರಯೋಗಾಲಯಕ್ಕೆ ತಂದು ಇಳಿಸುತ್ತಾಳೆ. ಆ ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಅವಳು ಒಂದು ಸೀಸೆಯನ್ನೂ ಒಡೆದಿರಲಿಲ್ಲ. ಹಾಗಾಗಿ ಕಳೆದ ಅಕ್ಟೋಬರಿನಲ್ಲಿ ನಲವತ್ತೊಂದರಿಂದ ಅರವತ್ತೆರಡರವರೆಗಿನ ಸೀಸೆಗಳೇ ಇಲ್ಲದ ಪೆಟ್ಟಿಗೆ ಬಂದಾಗ ನಾನು ಎರಡೆರಡು ಸಲ ಎಣಿಸಿದೆ.

"ಇಪ್ಪತ್ತೆರಡು ಹಸು ಎಲ್ಲಿ ಹೋದ್ವು?" ಅಂದೆ.

"ನಾಯಿಗಳಿಗೆ ಎಸೆದೆ" ಅಂದಳು ಲವರ್ನ್, ಕೋಟು ಬಿಚ್ಚುತ್ತ.

ಗುಡ್ಡದ ನೆತ್ತಿಯಲ್ಲಿ ಪೆಟ್ಟಿಗೆ ಜಾರಿದ ಸದ್ದು ಕೇಳಿ ಗಾಡಿ ನಿಲ್ಲಿಸಿ ಇಳಿದಿದ್ದಾಳೆ. ಯಾರೋ ಬಿಟ್ಟುಹೋದ ಮೂರು ನಾಯಿಗಳು ಪೊದೆಯಿಂದ ನುಗ್ಗಿವೆ. ಬಾಗಿಲು ತೆರೆಯುವಷ್ಟು ಹೊತ್ತಿಲ್ಲದೆ, ಅರವತ್ತನಾಲ್ಕರ ಈ ಹೆಂಗಸು ಹಿಂದಿನಿಂದ ಹತ್ತಿ ಪಿಕಪ್‌ನ ತಲೆಯ ಮೇಲೆ ಕೂತು, ನಲವತ್ತು ನಿಮಿಷ ಒಂದೊಂದೇ ಸೀಸೆ ಬೀಸಿ ಎಸೆದಿದ್ದಾಳೆ. ಹಾಲಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತ ಬಂದ ಮೇಲೇ ನಾಯಿಗಳು ಓಡಿದ್ದು.

"ಹಾಲು ಕೆಡಬಾರದು ಅಂತ ಆ ಗುಲಾಬಿ ಮಾತ್ರೆ ಹಾಕ್ತೀವಲ್ಲ, ನಾಯಿಗಳಿಗೆ ಏನಾದ್ರೂ ಆಗುತ್ತೇನೇ ಮಾರ್ಗಿಟ್?" ಎಂದು ಅವಳು ಕೇಳಿದಳು. ಅವಳಿಗಿದ್ದ ಚಿಂತೆ ಅದೊಂದೇ.

ನಿಜವಾದ ಚಿಂತೆ ಮರುದಿನ ಶುರುವಾಯಿತು. ಪಿಕಪ್‌ನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಗಂಡ ಓರ್ವಿಲ್ ಕೂತಿದ್ದ.

ಓರ್ವಿಲ್ ಮೇವಿನ ಗಿರಣಿಯಿಂದ ನಿವೃತ್ತನಾದವನು. ಗಿರಣಿಯ ಸದ್ದಿಗೆ ಕಿವಿ ಮಂದವಾಗಿ ಎಲ್ಲವನ್ನೂ ಗಟ್ಟಿಯಾಗಿಯೇ ಹೇಳುತ್ತಾನೆ. ಅವನಿಗೆ ತಿಳಿಯದ ವಿಷಯವಿಲ್ಲ, ತಿಳಿದದ್ದನ್ನು ಹೇಳದೆ ಇರುವ ಅಭ್ಯಾಸವೂ ಇಲ್ಲ. ರಸ್ತೆ ಬದಿಯ ಪ್ರತಿ ಟಪಾಲು ಡಬ್ಬಿ ಕಂಡಾಗಲೂ ಆ ಮನೆಯವರಿಗೆ ಯಾವ ವರ್ಷ ಯಾವ ಆಪರೇಷನ್ ಆಯಿತು, ಅವರು ಯಾವ ಟ್ರ್ಯಾಕ್ಟರ್ ಮಾರಿ ಯಾವುದನ್ನು ಕೊಂಡರು, ಕೊಂಡು ಹೇಗೆ ಮೋಸಹೋದರು ಎಂಬುದನ್ನೆಲ್ಲ ಸವಿಸ್ತಾರವಾಗಿ ಹೇಳುತ್ತಾನೆ. ನಮ್ಮ ರಸ್ತೆಗಳಲ್ಲಿ ಟಪಾಲು ಡಬ್ಬಿಗಳು ಬಹಳ.

ನಾಲ್ಕನೇ ದಿನ ಲವರ್ನ್ ನನ್ನ ಮೇಜಿನ ಮುಂದೆ ಕುಸಿದು ಕೂತಳು. "ದಿನಕ್ಕೆ ಎರಡೂವರೆ ಗಂಟೆ ನಾನು ಒಬ್ಬಳೇ ಗಾಡೀಲಿ ಇರ್ತೀನಿ ಕಣೇ. ನಮ್ಮ ಸಂಸಾರ ಇಷ್ಟು ಚೆನ್ನಾಗಿ ನಡೆದಿರೋದೇ ಆ ಎರಡೂವರೆ ಗಂಟೆಯಿಂದ. ರೇಡಿಯೋನೂ ಹಾಕಲ್ಲ ನಾನು. ಈಗ ಇವನು ಬಿಡಲ್ಲ ಅಂತಾನೆ. ನಿನ್ನ ಕೈಗೊಂದು ಬಂದೂಕು ಬರೋವರೆಗೂ ನಾನೇ ನಿನ್ನ ಬಂದೂಕು ಅಂತಾನೆ!"

"ನಿನ್ನ ಜಿಂಕೆ ಬೇಟೆಯ ರೈಫಲ್ ಇದೆಯಲ್ಲ?"

"ಸೀಟಿನ ಹಿಂದಿಂದ ಅದನ್ನ ಎಳೆಯೋದರಲ್ಲಿ ನಾಯಿ ನನ್ನ ಮೀನಖಂಡ ತಿಂದು ಮುಗಿಸಿರುತ್ತೆ. ಜೇಬಲ್ಲಿ ಕೂರೋ ಅಂಥದ್ದು ಬೇಕು. ಯಾರಿಗೂ ಕಾಣಬಾರದು. ಸೊಂಟಕ್ಕೆ ತೂಗಿಸ್ಕೊಂಡು ಕೊಟ್ಟಿಗೆಗೆ ಹೋದ್ರೆ ಹಸು ಹೆದರಲ್ಲ, ಹಸುವಿನ ಯಜಮಾನಿ ಹೆದರ್ತಾಳೆ."

ಬಂದೂಕನ್ನು ಮರೆಯಲ್ಲಿ ಇಟ್ಟುಕೊಂಡು ಓಡಾಡುವ ಪರವಾನಗಿಗೆ ಅವಳು ಆ ವಾರವೇ ಅರ್ಜಿ ಹಾಕಿದಳು. ಅದು ಬರುವ ತನಕ ಓರ್ವಿಲ್ ಒಟ್ಟು ಮುನ್ನೂರ ಹನ್ನೊಂದು ಟಪಾಲು ಡಬ್ಬಿಗಳ ಚರಿತ್ರೆ ಹೇಳಿದ. ಸೀಸೆಯ ಚೀಟಿಗಳ ಹಿಂದೆ ಲವರ್ನ್ ಗೀಟು ಹಾಕಿಟ್ಟಿದ್ದಳು.

ಓರ್ವಿಲ್ ಅನ್ಯಾಯದ ಮನುಷ್ಯನಲ್ಲ. ಹೋಟೆಲಿನ ಶುಕ್ರವಾರದ ಮೀನೂಟದಲ್ಲಿ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ತನ್ನ ಷರತ್ತು ಬರೆದು ಸಹಿ ಮಾಡಿದ: ಏಳು ಗಜ ದೂರದಲ್ಲಿ ಕಾಗದದ ತಟ್ಟೆ, ಐದಕ್ಕೆ ಐದು ಗುಂಡು ತಟ್ಟೆಯೊಳಗೆ, ಒಂದರ ಮೇಲೊಂದರಂತೆ ಮೂರು ಸಲ. ಅಂದಿನಿಂದ ತಾನು ಮನೆಯಲ್ಲಿ.

ಶನಿವಾರ ನಾವು ಮೂವರೂ ಲೈಲ್ ಪ್ರೊಚಾಸ್ಕಾನ ಅಂಗಡಿಗೆ ಹೋದೆವು. ಒಂದು ಗೋಡೆಗೆ ಬಂದೂಕು, ಇನ್ನೊಂದು ಗೋಡೆಗೆ ಗಾಳ, ಮೂಲೆಯ ಫ್ರಿಜ್ಜಿನಲ್ಲಿ ಎರೆಹುಳ. ಲೈಲ್ ಮತ್ತು ಲವರ್ನ್ ಒಂದೇ ಶಾಲೆಯಲ್ಲಿ ಓದಿದವರು. ನಾನು ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯನ್ನು ಚೀಲದಲ್ಲಿ ತಂದಿದ್ದೆ.

ಲೈಲ್ ಮೊದಲು ಒಂದು ಚಪ್ಪಟೆ ಪಿಸ್ತೂಲು ಕೊಟ್ಟ. ಅದರ ಮೇಲಿನ ಭಾಗವನ್ನು ಹಿಂದಕ್ಕೆ ಜಗ್ಗಿದರೆ ಮಾತ್ರ ಮೊದಲ ಗುಂಡು ಕೂರುತ್ತದೆ. ಲವರ್ನಳ ಹೆಬ್ಬೆರಳ ಬುಡಗಳಲ್ಲಿ ಸಂಧಿವಾತ. ಹಲ್ಲು ಕಚ್ಚಿ ಜಗ್ಗಿದಳು, ಮೊಣಕಾಲ ನಡುವೆ ಸಿಕ್ಕಿಸಿ ಜಗ್ಗಲು ನೋಡಿದಳು.

"ಅಯ್ಯೋ, ಅದು ಉಪ್ಪಿನಕಾಯಿ ಜಾಡಿ ಅಲ್ಲ ಲವರ್ನ್!" ಎಂದು ಲೈಲ್ ಕಿತ್ತುಕೊಂಡ. "ನಿನಗೆ ಡಬಲ್ ಆಕ್ಷನ್ ರಿವಾಲ್ವರೇ ಸರಿ. ಜಗ್ಗೋದಿಲ್ಲ, ಗಿಗ್ಗೋದಿಲ್ಲ. ಟ್ರಿಗರ್ ಎಳಿ ಅಷ್ಟೆ. ಒಂದೇ ಎಳೆತಕ್ಕೆ ಹ್ಯಾಮರ್ ತಾನೇ ಹಿಂದೆ ಹೋಗುತ್ತೆ, ತಾನೇ ಗುಂಡಿಗೆ ಬಡಿಯುತ್ತೆ."

"ಅಷ್ಟು ಸುಲಭಾನಾ?"

"ಸುಲಭ ಅಲ್ಲ, ಗಟ್ಟಿ. ಎರಡು ಕೆಲಸ ಒಂದೇ ಬೆರಳು ಮಾಡಬೇಕಲ್ಲ. ಆದರೆ ಗಟ್ಟಿ ಇರೋದೇ ಒಳ್ಳೇದು. ಜೇಬಲ್ಲಿ ಇಟ್ಕೊಳ್ಳೋ ವಸ್ತು ಯಾರೋ ಕೆಮ್ಮಿದ್ದಕ್ಕೆ ಢಂ ಅನ್ನಬಾರದು."

"ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ನಮ್ಮ ಗಿರಣೀಲಿ ಒಬ್ಬ ಕೆಮ್ಮಿದ್ದಕ್ಕೆ..." ಎಂದು ಓರ್ವಿಲ್ ಶುರುಮಾಡಿದ.

"ಆಮೇಲೆ ಹೇಳು" ಅಂದಳು ಲವರ್ನ್.

ಅಗ್ಗದ ಪೈಕಿ ಎರಡಿದ್ದವು. ಒಂದು ಹೊಸತು, ಅಲ್ಯೂಮಿನಿಯಂ ಮೈಯದು, ನಾಲ್ಕುನೂರ ಇಪ್ಪತ್ತು ಗ್ರಾಂ. ಇನ್ನೊಂದು ಯಾರೋ ಬಳಸಿ ಕೊಟ್ಟ ಉಕ್ಕಿನದು, ಬಣ್ಣ ಮಾಸಿ ಮೂಲೆಗಳಲ್ಲಿ ಬೆಳ್ಳಗಾಗಿತ್ತು, ಆರುನೂರ ಎಪ್ಪತ್ತು ಗ್ರಾಂ. ಎರಡೂ ಐದು ಗುಂಡಿನವು. ಅಂಗಡಿಯ ಹಿಂದಿನ ಮಣ್ಣುದಿಬ್ಬಕ್ಕೆ ಹೋಗಿ, ಕಿವಿಗೆ ಮುಚ್ಚಳ ಹಾಕಿಕೊಂಡು, ಲವರ್ನ್ ಹಗುರಾದದ್ದನ್ನು ಒಂದು ಸಲ ಹೊಡೆದಳು. ಕೂಡಲೇ ಅದನ್ನು ಲೈಲ್‌ನ ಕೈಗಿಟ್ಟಳು.

"ಕಟ್ಟಿಸಿದ ಹಲ್ಲು ಅಲ್ಲಾಡ್ತು. ಒಯ್ಯೋಕೆ ಚೆನ್ನ, ಹೊಡೆಯೋಕೆ ಅಲ್ಲ. ಆ ಮುದುಕನ್ನೇ ಕೊಡು."

ಉಕ್ಕಿನದು ಅಷ್ಟಾಗಿ ಒದೆಯಲಿಲ್ಲ. ಆದರೆ ಟ್ರಿಗರ್ ಎಳೆತದ ಕೊನೆಯಲ್ಲಿ ಅವಳ ಬೆರಳು ನಡುಗಿ, ಕೊಳವೆಯ ಮೂತಿ ಬಲಕ್ಕೆ ವಾಲಿ, ಐದರಲ್ಲಿ ಎರಡೇ ಗುಂಡು ತಟ್ಟೆಗೆ ಬಿದ್ದವು. ಮತ್ತೊಮ್ಮೆ ಹೊಡೆದಾಗಲೂ ಎರಡೇ.

"ಸೋಮವಾರ ಎಷ್ಟು ಹೊತ್ತಿಗೆ ಹೊರಡೋಣ?" ಎಂದ ಓರ್ವಿಲ್. ವ್ಯಂಗ್ಯವಿರಲಿಲ್ಲ, ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ಲವರ್ನ್ ಕಣ್ಣು ಮುಚ್ಚಿಕೊಂಡಳು.

ಆಗ ನಾನು ತಕ್ಕಡಿ ತೆಗೆದೆ. ಲೈಲ್ ಗುಂಡುಗಳನ್ನೆಲ್ಲ ತೆಗೆದು ತೋರಿಸಿದ ಮೇಲೆ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಐದು ಸಲ ಎಳೆದೆ. ಸರಾಸರಿ ಹನ್ನೊಂದೂವರೆ ಪೌಂಡು. ನಂತರ ಕೊಕ್ಕೆಯನ್ನು ಲವರ್ನಳ ಬಲ ತೋರುಬೆರಳಿಗೆ ಕೊಟ್ಟು "ಎಳಿ" ಅಂದೆ. ಹತ್ತು ಪೌಂಡು, ಮುಂದೆ ಹೋಗಲಿಲ್ಲ. ಬಂದೂಕಿನ ತಪ್ಪಿಲ್ಲ, ಗುರಿಯ ತಪ್ಪಿಲ್ಲ, ಒಂದೂವರೆ ಪೌಂಡಿನ ಕೊರತೆ ಅಷ್ಟೆ. ಟ್ರಿಗರಿನಲ್ಲಿ ಬೆರಳನ್ನು ಪೂರ್ತಿ ಕೊಕ್ಕೆಯಂತೆ ಹಾಕಿ ಮೈಯೆಲ್ಲ ಬಿಗಿದು ಎಳೆಯುತ್ತಿದ್ದಳು, ಅದಕ್ಕೇ ಮೂತಿ ವಾಲುತ್ತಿತ್ತು.

ಹೋಲಿಕೆಗೆ ಇನ್ನೊಂದು ಅಂಕಿ ಇರಲಿ ಎಂದು ಎಡಗೈಯನ್ನೂ ಅಳೆದೆ. ಮುಳ್ಳು ಹನ್ನೆರಡು ದಾಟಿತು, ಹದಿಮೂರು ದಾಟಿತು, ಹದಿನಾಲ್ಕೂವರೆಯಲ್ಲಿ ನಿಂತಿತು. ತಕ್ಕಡಿ ಕೆಟ್ಟಿದೆ ಎಂದುಕೊಂಡು ಮತ್ತೆ ಅಳೆದೆ. ಅಷ್ಟೇ ಬಂತು.

"ನೀನು ಎಡಚಿನಾ?" ಅಂದ ಲೈಲ್.

"ಅಲ್ಲವಲ್ಲ!" ಲವರ್ನ್ ತನ್ನ ಎಡಗೈಯನ್ನು ಬೇರೆಯವರ ಕೈ ಎಂಬಂತೆ ತಿರುಗಿಸಿ ನೋಡಿದಳು.

ನನಗೆ ಹೊಳೆಯಿತು. ಹಾಲು ಅಳೆಯುವ ಮೀಟರಿನ ಬಿಗಿ ಕವಾಟವನ್ನು ಎಡಗೈ ತೋರುಬೆರಳಿನಿಂದ ಎಳೆದು ಹಿಡಿದರೆ ಮಾತ್ರ ಬಲಗೈಯಲ್ಲಿ ಹಿಡಿದ ಸೀಸೆಗೆ ಹಾಲು ಬೀಳುತ್ತದೆ. ದಿನಕ್ಕೆ ನೂರೈವತ್ತು ಹಸು, ವರ್ಷಕ್ಕೆ ಇನ್ನೂರ ನಲವತ್ತು ದಿನ, ಮೂವತ್ತೊಂದು ವರ್ಷ. ಲೈಲ್ ಕೊಟ್ಟ ಹಳೆಯ ಎರೆಹುಳದ ರಸೀದಿಯ ಹಿಂದೆ ಗುಣಿಸಿ ತೋರಿಸಿದೆ: ಹನ್ನೊಂದು ಲಕ್ಷದ ಹದಿನಾರು ಸಾವಿರ ಸಲ.

"ಅಂದ್ರೆ ನಾನು ಮೂವತ್ತೊಂದು ವರ್ಷದಿಂದ ಅಭ್ಯಾಸ ಮಾಡ್ತಾನೇ ಇದ್ದೀನಿ!" ಲವರ್ನ್ ಕಿಲಕಿಲ ನಗತೊಡಗಿದಳು. ನಗು ನಿಲ್ಲುವ ತನಕ ಲೈಲ್ ಅವಳ ಕೈಗೆ ಬಂದೂಕು ಕೊಡಲಿಲ್ಲ.

ನಿಂತ ಮೇಲೆ ಅವಳ ಎಡಗೈಗೆ ಕೊಟ್ಟ. ಅವಳು ಕವಾಟ ಎಳೆಯುವ ಹಾಗೆಯೇ, ಅವಸರವಿಲ್ಲದೆ, ಒಂದೇ ಸಮನೆ ಎಳೆದಳು. ಐದಕ್ಕೆ ಐದು. ತಟ್ಟೆ ಬದಲಿಸಿದೆವು. ಐದಕ್ಕೆ ಐದು. ಮೂರನೆಯ ತಟ್ಟೆಯ ಕೊನೆಯ ಗುಂಡು ಅಂಚನ್ನು ಕಚ್ಚಿತ್ತು. ನಾನು ಭೂತಗನ್ನಡಿ ಹಿಡಿದು ನೋಡಿ "ಒಳಗಿದೆ" ಎಂದೆ.

ಓರ್ವಿಲ್ ಆ ಮೂರನೆಯ ತಟ್ಟೆಯನ್ನು ಎರಡಾಗಿ ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡು, ಕೊನೆಗೆ "ಇನ್ನು ನನಗೆ ನಿದ್ದೆ ಬರುತ್ತೆ" ಎಂದ. ಎಂದೂ ಅಷ್ಟು ಮೆಲ್ಲಗೆ ಮಾತಾಡಿದವನಲ್ಲ.

ಉಳಿದದ್ದು ಬೆಲೆ. ಚೀಟಿಯಲ್ಲಿ ಮುನ್ನೂರ ತೊಂಬತ್ತೈದು ಡಾಲರ್ ಎಂದಿತ್ತು. ಲವರ್ನ್ ಮುನ್ನೂರಕ್ಕಿಂತ ಒಂದು ಡಾಲರನ್ನೂ ಹೆಚ್ಚು ಕೊಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದಳು.

"ಮುನ್ನೂರ ಎಂಬತ್ತು. ಕೊನೇ ಮಾತು" ಎಂದ ಲೈಲ್.

ಲವರ್ನ್ ಅವನನ್ನು ನೋಡಿದಳು, ಓರ್ವಿಲ್‌ನನ್ನು ನೋಡಿದಳು, ಗಡಿಯಾರ ನೋಡಿದಳು. ಅವಳ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡಿತು.

"ಯೋಚನೆ ಮಾಡ್ಬೇಕು ಲೈಲ್. ಮಾರ್ಗಿಟ್ ಜೊತೆ ಎದುರುಗಡೆ ಏನಾದ್ರೂ ತಿಂದ್ಕೊಂಡು ಬರ್ತೀನಿ. ಓರ್ವಿಲ್ ಇಲ್ಲೇ ಇರ್ತಾನೆ. ಓರ್ವಿಲ್, ಆ ಕೆಮ್ಮಿದವನ ಕಥೆ ಏನೋ ಇತ್ತಲ್ಲ?"

ಎದುರಿನ ಹೋಟೆಲಿನ ಕಿಟಕಿಯಿಂದ ಅಂಗಡಿ ಚೆನ್ನಾಗಿ ಕಾಣುತ್ತದೆ. ನಾವು ಕರಿದ ಚೀಸ್ ತುಂಡುಗಳನ್ನು ತರಿಸಿಕೊಂಡೆವು. ಓರ್ವಿಲ್ ಎರಡೂ ಕೈ ಚಾಚಿ ಯಾವುದೋ ಯಂತ್ರದ ಅಗಲ ತೋರಿಸುತ್ತಿದ್ದ. ಲೈಲ್ ಗಾಜು ಒರೆಸಿದ, ಒರೆಸಿದ್ದನ್ನೇ ಒರೆಸಿದ. ಮುಕ್ಕಾಲು ಗಂಟೆಯ ಮೇಲೆ ಹೋದಾಗ "ಮುನ್ನೂರ ಐವತ್ತು" ಎಂದ.

"ಇನ್ನೂ ಸ್ವಲ್ಪ ಯೋಚಿಸ್ತೀನಿ" ಎಂದು ಲವರ್ನ್ ಬಾಗಿಲಿನಿಂದಲೇ ತಿರುಗಿದಳು. ಈ ಸಲ ಸೇಬಿನ ಪೈ. ಅಂಗಡಿಯಲ್ಲಿ ಓರ್ವಿಲ್ ಸ್ಟೂಲು ಎಳೆದು ಕೂತಿದ್ದ, ಲೈಲ್‌ನ ಹಣೆ ಗಾಜಿನ ಪೆಟ್ಟಿಗೆಗೆ ತಾಗಿತ್ತು. ನಾವು ನಕ್ಕು ನಕ್ಕು ಪೈ ತಿನ್ನಲಾಗದೆ ಚಮಚ ಕೆಳಗಿಟ್ಟೆವು.

ಮೂರನೆಯ ಸಲ ಲೈಲ್ ನಮ್ಮನ್ನು ರಸ್ತೆ ದಾಟುವುದಕ್ಕೇ ಬಿಡಲಿಲ್ಲ. ಬಾಗಿಲಿಗೇ ಬಂದು ಕೂಗಿದ: "ಮುನ್ನೂರು! ತೊಗಲಿನ ಚೀಲ ಪುಕ್ಕಟೆ! ಬೇಗ ಬಾ ತಾಯಿ, ಫಾರಂ ತುಂಬು!"

ಫಾರಂ ತುಂಬಿ, ಪೊಲೀಸ್ ದಾಖಲೆಯನ್ನು ಫೋನಿನಲ್ಲಿ ಪರೀಕ್ಷಿಸಿ, ಕೊಡುವ ಮುನ್ನ ಲೈಲ್ ಒಂದೇ ಮಾತನ್ನು ಎರಡು ಸಲ ಹೇಳಿದ: ಬರೀ ಜೇಬಲ್ಲಿ ಹಾಕಬೇಡ, ಟ್ರಿಗರ್ ಮುಚ್ಚುವ ಈ ಚೀಲದೊಳಗೇ ಇರಬೇಕು, ಆ ಜೇಬಲ್ಲಿ ಬೇರೇನೂ ಇರಬಾರದು. ಲವರ್ನ್ ಆ ರಾತ್ರಿಯೇ ಕೋಟಿನ ಎಡಜೇಬಿಗೆ ಎರಡನೇ ಅಸ್ತರಿ ಹೊಲಿದಳು. ಸೋಮವಾರ ಅವಳು ಪೆಟ್ಟಿಗೆ ತಂದಾಗ ನಾನು ಹುಡುಕಿ ಹುಡುಕಿ ನೋಡಿದೆ, ಏನೂ ಕಾಣಲಿಲ್ಲ. ಸೀಸೆಗಳು ನೂರೈವತ್ತಕ್ಕೆ ನೂರೈವತ್ತು ಇದ್ದವು.

ಮೂರು ವಾರಗಳ ನಂತರ ಅವಳ ತಕ್ಕಡಿಗಳನ್ನು ಕೊಟ್ಟಿಗೆಯಲ್ಲೇ ಪರೀಕ್ಷಿಸುವ ಕೆಲಸ ಬಂದು ನಾನೂ ಅವಳೊಂದಿಗೆ ಹೊರಟೆ. "ಮಾತಾಡಲ್ಲ ಅಂದ್ರೆ ಹತ್ತು" ಎಂದಳು. ಹತ್ತಿದೆ. ಮಂಜು ಕಟ್ಟಿದ ಜೋಳದ ಕೂಳೆಗಳ ನಡುವೆ ಗುಡ್ಡ ಏರಿದೆವು. ಟಪಾಲು ಡಬ್ಬಿಗಳು ಸುಮ್ಮನೆ ಬಂದು ಸುಮ್ಮನೆ ಹೋದವು. ನಾಯಿಗಳಲ್ಲಿ ಎರಡನ್ನು ಅಷ್ಟರಲ್ಲಿ ಹಿಡಿದಿದ್ದರು, ಮೂರನೆಯದು ಇನ್ನೂ ತಲೆತಪ್ಪಿಸಿಕೊಂಡಿತ್ತು. ಲವರ್ನ್ ತನ್ನ ರಿವಾಲ್ವರನ್ನು ಆ ಮಣ್ಣುದಿಬ್ಬದಲ್ಲಿ ಬಿಟ್ಟರೆ ಬೇರೆಲ್ಲೂ ಹೊರತೆಗೆದಿರಲಿಲ್ಲ.

ನೆತ್ತಿಯಲ್ಲಿ ಅವಳ ಫೋನು ಬಡಿದುಕೊಂಡಿತು. ಗಾಡಿ ನಿಲ್ಲಿಸಿ ಎತ್ತಿದಳು. ಲೈಲ್‌ನ ದನಿ ನನಗೂ ಕೇಳುತ್ತಿತ್ತು, ಅದರ ಹಿಂದೆ ಇನ್ನೊಂದು ದೊಡ್ಡ ದನಿ ಬೀಜ ಬಿತ್ತುವ ಯಂತ್ರವೊಂದರ ಹಲ್ಲುಗಳನ್ನು ಲೆಕ್ಕ ಹಾಕುತ್ತಿತ್ತು.

"ಲವರ್ನ್, ಇವನು ಅಂಗಡಿ ಬಾಗಿಲು ತೆಗೆಯೋ ಮುಂಚೆನೇ ಬಂದು ನಿಂತಿರ್ತಾನೆ. ದಿನಾ! ನನ್ನ ಕಾಫಿ ಚೆನ್ನಾಗಿದೆಯಂತೆ. ಕೇಳು, ಆ ಮೂರನೇ ನಾಯಿ ಇನ್ನೂ ಸಿಕ್ಕಿಲ್ಲ. ನೀನು ಒಬ್ಬಳೇ ಓಡಾಡೋದು ಸರಿಯಲ್ಲ. ನಿನ್ನ ಮುನ್ನೂರನ್ನೂ ವಾಪಸ್ ಕೊಡ್ತೀನಿ, ರಿವಾಲ್ವರ್ ನೀನೇ ಇಟ್ಕೋ. ಇವನನ್ನ ಹತ್ತಿಸ್ಕೊಂಡು ಹೋಗು."

ಲವರ್ನ್ ಎಂಜಿನ್ ಆರಿಸಿದಳು. ಕಿಟಕಿಯ ಗಾಜು ಇಳಿಸಿ ಫೋನನ್ನು ಹೊರಗೆ, ಬೆಳಗಾಗುತ್ತಿದ್ದ ಇಡೀ ಕಣಿವೆಯತ್ತ ಚಾಚಿ ಹಿಡಿದಳು. ಎಡಗೈಯಲ್ಲಿ. ಒಂದು ನಿಮಿಷ ಪೂರ್ತಿ.

"ಕೇಳಿಸ್ತಾ ಲೈಲ್?"

"ಏನು? ಏನೂ ಕೇಳಿಸ್ತಿಲ್ಲ."

"ಅದೇ ಕಣೋ" ಎಂದಳು ಲವರ್ನ್. "ಮುನ್ನೂರಕ್ಕೆ ಅಗ್ಗವಾಯ್ತು."