ಅಕ್ಕನ ಕೈಯ ಚಿಗಳಿ ಕಡ್ಡಿ

ಹುಣಸೆಹಣ್ಣಿಗೆ ಬೆಲ್ಲ, ಜೀರಿಗೆ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟುವಾಗ ಏಳುವ ವಾಸನೆ ಇದೆಯಲ್ಲ, ಅದಕ್ಕೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಎದೆ ಡವಡವ ಎನ್ನುತ್ತದೆ. ಇವತ್ತು ಕುಟ್ಟುತ್ತಿರುವವನೂ ನಾನೇ, ಹೆದರುತ್ತಿರುವವನೂ ನಾನೇ.

ಹೋದ ಬೇಸಿಗೆಯಲ್ಲಿ ಹೊಳವನಹಳ್ಳಿಯ ನಮ್ಮಕ್ಕನಿಗೆ ಸ್ತನದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿತ್ತು. ಭಾವ ಹೊಲ, ಹಸು ಬಿಟ್ಟು ಕೂರುವ ಹಾಗಿರಲಿಲ್ಲ. ಮಧುಗಿರಿಯಿಂದ ನಾನು ಬಂದು ಆರೈಕೆಗೆ ನಿಂತೆ. ಬಿ.ಎಸ್ಸಿ. ಓದಿದ್ದೇನೆ ಎಂಬುದೊಂದೇ ನನ್ನ ಅರ್ಹತೆ. ಬಂದ ದಿನವೇ ಬಾಗಿಲಲ್ಲಿ ಸೋಪು, ಬಕೆಟ್ಟು ಇಟ್ಟೆ. ಬನ್ನು, ಮೂಸಂಬಿ ಹಿಡಿದು ನೋಡಲು ಬಂದ ನೆಂಟರನ್ನು ಅಂಗಳದಿಂದಲೇ ವಾಪಸು ಕಳಿಸಿದೆ. ಹಣ್ಣು ಮಾತ್ರ ಇಟ್ಟುಕೊಂಡೆ. ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಥರ್ಮಾಮೀಟರು ಬಂತು. ಡಾಕ್ಟರು ಒತ್ತಿ ಹೇಳಿದ್ದರು: "ರಕ್ತದಲ್ಲಿ ಬಿಳಿ ಕಣ ಕಮ್ಮಿ ಆಗಿರುತ್ತೆ. ಜ್ವರ ಬಂದರೆ ಕಾಯಬೇಡಿ, ತಕ್ಷಣ ಕರ್ಕೊಂಡು ಬನ್ನಿ."

ಅಕ್ಕನಿಗೆ ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗಿರುತ್ತಿತ್ತು. ನನ್ನ ಅಡುಗೆಯ ದೋಷವನ್ನೆಲ್ಲ ಕೀಮೋ ಮೇಲೆ ಹಾಕಬಹುದೆಂದುಕೊಂಡಿದ್ದೆ.

"ನಾಲಿಗೆ ಕೆಟ್ಟೈತೆ ಕಣ್ಲಾ, ಬುದ್ಧಿ ಕೆಟ್ಟಿಲ್ಲ. ಈ ಸಾರಿಗೆ ನೀನು ಉಪ್ಪೇ ಹಾಕಿಲ್ಲ."

ಅವಳಿಗೆ ರುಚಿಸುತ್ತಿದ್ದುದು ಹುಳಿಯೊಂದೇ. ಬಾಯಿಹುಣ್ಣು ಆರಿದ ಮೇಲೆ ಡಾಕ್ಟರನ್ನು ಕೇಳಿ, ಖಾರ ಬಿಟ್ಟು ಹುಣಸೆ ಚಿಗಳಿ ಕುಟ್ಟಿ, ಕಡ್ಡಿಗೆ ಮೆತ್ತಿ ಕೊಡತೊಡಗಿದೆ. ಚಿಕ್ಕಂದಿನಲ್ಲಿ ಅವಳು ನನಗೆ ಹಾಗೆಯೇ ಕೊಡುತ್ತಿದ್ದಳು, ಮೊದಲು ತಾನೊಂದು ಸಲ ನೆಕ್ಕಿ.

ಹಿಂದಿನ ಸಲ ರಕ್ತ ಸಾಲದೆಂದು ಕೀಮೋ ಮುಂದೂಡಿದ್ದರು. ಅವತ್ತು ದಾರಿಯುದ್ದಕ್ಕೂ ಅಕ್ಕ ಇನ್ನೆಷ್ಟು ಸಲ ಉಳಿದಿದೆಯೆಂದು ಬೆರಳು ಮಡಚಿ ಎಣಿಸುತ್ತಿದ್ದಳು. ಹಾಗಾಗಿ ಈ ಸಲ ಮೈ ಬಿಸಿಯಾದಾಗ ಅದನ್ನು ಮುಚ್ಚಿಟ್ಟಳು. ನಾನು ಥರ್ಮಾಮೀಟರು ತೆಗೆಯುವುದು ಕಂಡರೆ ಸಾಕು, ಮಡಕೆಯ ತಣ್ಣೀರನ್ನು ಬಾಯಿತುಂಬ ಹಿಡಿದು ನುಂಗುತ್ತಿದ್ದಳು. ಆಮೇಲೆ ಸಾಧುವಾಗಿ ಬಾಯಿ ತೆರೆಯುತ್ತಿದ್ದಳು. ನಾನು "ನಾರ್ಮಲ್" ಎಂದು ಘೋಷಿಸಿ, ಹೊಲದಲ್ಲಿದ್ದ ಭಾವನಿಗೆ ಫೋನು ಮಾಡಿ ಬೀಗುತ್ತಿದ್ದೆ.

ಆ ಮಧ್ಯಾಹ್ನ ಹೊರಗೆ ನೆತ್ತಿ ಸುಡುವ ಬಿಸಿಲು. ಅಕ್ಕ ಕಂಬಳಿ ಹೊದ್ದು ಕೂತಿದ್ದಳು. ವಿಜ್ಞಾನ ಓದಿದವನ ಕಣ್ಣಿಗೆ ಕಂಬಳಿ ಕಾಣಲಿಲ್ಲ. ಕಂಡದ್ದು ಚಿಗಳಿ ಕಡ್ಡಿ. ಬಾಯಿಗೆ ಹೋಗಬೇಕಾದದ್ದು ಗಡಗಡ ನಡುಗಿ ಅವಳ ಗಲ್ಲಕ್ಕೆ ಅಂಟಿಕೊಂಡಿತು. ಹಣೆ ಮುಟ್ಟಿದೆ. ಕೆಂಡ.

"ಯಾಕಕ್ಕ ಹೇಳ್ಲಿಲ್ಲ?"

"ಹೇಳಿದ್ರೆ ಮತ್ತೆ ಮುಂದಕ್ಕಾಕ್ತಾರೆ. ಬೇಗ ಮುಗುದೋಗ್ಲಿ ಅಂತ ಸುಮ್ಕಿದ್ದೆ ಕಣ್ಲಾ."

ಬಾಡಿಗೆ ಕಾರು ಕೊರಟಗೆರೆ ದಾಟುವಷ್ಟರಲ್ಲಿ ಅವಳ ಮಾತು ತೊದಲತೊಡಗಿತ್ತು. ತುಮಕೂರಿನಲ್ಲಿ ಡ್ರಿಪ್ ಹಾಕಿಸಿದ ಡಾಕ್ಟರು, "ಸಂಜೆವರೆಗೆ ಬಿಟ್ಟಿದ್ದರೆ ಕೈಮೀರುತ್ತಿತ್ತು" ಎಂದರು. ಅವತ್ತು ಬೆಲ್ಲ ಮುಗಿದಿದ್ದರೆ? ಕುಟ್ಟಲು ನನಗೆ ಸೋಮಾರಿತನವಾಗಿದ್ದರೆ? ಈ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ಮುಗಿದಿಲ್ಲ.

ಕೀಮೋ ತಡವಾಗಿ ಮುಗಿಯಿತು. ಈಗ ಅಕ್ಕನ ತಲೆಯಲ್ಲಿ ಗುಂಗುರು ಕೂದಲು ಬಂದಿದೆ. ಚಿಗಳಿಗೆ ಖಾರವೂ ಬೇಕಂತೆ. ಕಡ್ಡಿ ಕೊಟ್ಟು ಅವಳ ಕೈಯನ್ನೇ ನೋಡುತ್ತಾ ನಿಂತೆ.

"ಲೇ, ಹಿಂಗ್ ನೋಡ್ತಾ ನಿಂತ್ರೆ ಹೆಂಗ್ಲಾ ತಿನ್ನಾದು? ನೀನೂ ಒಂದು ಹಿಡ್ಕ."

ಹಿಡಿದೆ. ಅವಳ ಕಡ್ಡಿ ಅಲುಗಲಿಲ್ಲ. ನಡುಗುತ್ತಿದ್ದುದು ನನ್ನದು. ಅಕ್ಕ ನನ್ನ ಜೇಬಿಗೆ ಕೈಹಾಕಿ, ಇನ್ನೂ ಅಲ್ಲೇ ಇದ್ದ ಥರ್ಮಾಮೀಟರು ತೆಗೆದಳು.

"ಬಾಯ್ ತೆಗಿ," ಎಂದಳು. "ನೀರು ಕುಡ್ದಿಲ್ಲ ತಾನೆ?"